ಎರಡು ಗುಂಡಿಯ ಮೆಷಿನ್ನು

ಅತ್ತಿಗೆಯ ಪುಕ್ಕಲುತನ ನೆಂಟರಿಷ್ಟರಿಗೆಲ್ಲ ಗೊತ್ತು. ರಸ್ತೆ ದಾಟಬೇಕಾದರೆ ನಾದಿನಿಯ ತೋಳು ಹಿಡಿದು, ಎಲ್ಲೋ ದೂರದಲ್ಲಿ ಬರುವ ಸೈಕಲ್ಲೂ ಹಾದುಹೋಗುವ ತನಕ ಕಾಯುವ ಹೆಂಗಸು. ಅಂಥವರನ್ನು ತಾನು ಕೆಲಸ ಮಾಡುವ ನೋಟುಪುಸ್ತಕದ ಕಾರ್ಖಾನೆಗೆ ಸೇರಿಸಿದವಳು ನಾದಿನಿಯೇ.

ಕಾಗದ ಕತ್ತರಿಸುವ ಮೆಷಿನ್ನಿಗೆ ಎರಡು ಗುಂಡಿ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯಬೇಕು. ಕೈ ಅದರಡಿ ಸಿಗಬಾರದೆಂದು ಯಾರೋ ಪುಣ್ಯಾತ್ಮ ಮಾಡಿದ ಏರ್ಪಾಡು. ಆದರೆ ಅಲ್ಲಿನ ಎಂಟು ಮೆಷಿನ್ನುಗಳ ಪೈಕಿ ಏಳರಲ್ಲಿ ಎಡಗುಂಡಿಯನ್ನು ಒತ್ತಿಹಿಡಿದು ಟೇಪು ಸುತ್ತಿಬಿಟ್ಟಿದ್ದರು. ಎಡಗೈ ಕಾಗದ ಸರಿಪಡಿಸುತ್ತದೆ, ಬಲಗೈ ಗುಂಡಿ ಒತ್ತುತ್ತದೆ, ಕೆಲಸ ಎರಡರಷ್ಟು. ನಾದಿನಿಯದು ಒಂಬತ್ತು ವರ್ಷದಿಂದ ಹೀಗೇ. ದೇವರ ದಯೆ, ಒಂದು ಉಗುರೂ ಹೋಗಿರಲಿಲ್ಲ. ಏನೂ ಆಗದ ಒಂದೊಂದು ದಿನವೂ ಭಯದ ಒಂದೊಂದು ಎಳೆಯನ್ನು ಕಿತ್ತುಕೊಂಡು ಹೋಗಿತ್ತು.

ಎಂಟನೆಯ ಮೆಷಿನ್ನು ಅತ್ತಿಗೆಯದು. ವಾರವೆಲ್ಲ ಅವರು ಎರಡೂ ಕೈಯಿಂದಲೇ ಒತ್ತಿದರು. ಮುಂದೆ ಕಾಗದದ ರಾಶಿ ಬೆಳೆಯಿತು, ಹಿಂದೆ ನಗೆ ಬೆಳೆಯಿತು.

"ಏನಕ್ಕಾ, ಮೆಷಿನ್ನಿಗೆ ಕೈ ಮುಗೀತಾ ಇದೀರಾ?" ಎಂದಳು ಹೊಲಿಗೆಯವಳು.

"ಅವರ ಪುಸ್ತಕ ಕೈಗೆ ಸಿಗೋ ಹೊತ್ತಿಗೆ ಸ್ಕೂಲ್ ಮಕ್ಕಳು ಮೊಮ್ಮಕ್ಕಳನ್ನ ಕಂಡಿರ್ತಾರೆ ಬಿಡು," ಎಂದ ಅಂಟು ಹಚ್ಚುವವನು.

ನಾದಿನಿಯೂ ನಕ್ಕಿದ್ದಳು. "ಅಷ್ಟೊಂದು ಹೆದರಬೇಡಿ ಅತ್ತಿಗೆ, ನಾವೆಲ್ಲ ಇಲ್ವಾ?" ಎಂದೂ ಹೇಳಿದ್ದಳು.

ಶನಿವಾರ ಮಧ್ಯಾಹ್ನ ನಾದಿನಿ ತಲೆಯೆತ್ತಿ ನೋಡಿದಳು. ಆ ತುದಿಯಲ್ಲಿ ಅತ್ತಿಗೆ ಒಂದೇ ಕೈಯಲ್ಲಿ ಒತ್ತುತ್ತಿದ್ದರು. ಎಡಗುಂಡಿಯ ಮೇಲೆ ಹೊಸ ಟೇಪು. ಎಡಗೈ ಬ್ಲೇಡಿನಡಿ ಹೋಗುತ್ತದೆ, ಬರುತ್ತದೆ. ಮತ್ತೆ ಹೋಗುತ್ತದೆ. ಮುಖ ಮಾತ್ರ ಅಂಟಿನವನ ಕಡೆ ತಿರುಗಿ ನಗುತ್ತಿದೆ.

ಕೂಗಲು ಬಾಯಿ ತೆರೆದಳು, ಮುಚ್ಚಿದಳು. ಕೂಗಿದರೆ ಬೆಚ್ಚುತ್ತಾರೆ, ಬೆಚ್ಚಿದರೆ ಬಲಗೈ ಒತ್ತಿಬಿಡುತ್ತದೆ. ಓಡಿದರೂ ಅಷ್ಟೇ. 'ನನ್ನಪ್ಪಾ, ಆ ಬೆರಳುಗಳನ್ನ ನೀನೇ ಕಾಯಬೇಕು' ಎಂದು ಒಳಗೊಳಗೇ ಬೇಡುತ್ತ, ತುಂಬಿದ ಕೊಡ ಹೊತ್ತವಳಂತೆ ಮೇನ್ ಸ್ವಿಚ್ಚಿನ ಕಡೆ ನಡೆದಳು. ಹದಿನೈದು ಹೆಜ್ಜೆ. ಅಷ್ಟರಲ್ಲಿ ಬ್ಲೇಡು ಮೂರು ಸಲ ಇಳಿಯಿತು.

ಸ್ವಿಚ್ ಎಳೆದಳು. ಎಂಟೂ ಮೆಷಿನ್ನುಗಳು ಸುಮ್ಮನಾದವು.

"ಯಾರಿಗೆ ತಲೆ ಕೆಟ್ಟಿದ್ದು?" ಮೇಸ್ತ್ರಿ ಅರಚಿದ.

ನಾದಿನಿ ಹೋಗಿ ಅತ್ತಿಗೆಯ ಎಡಗೈ ಹಿಡಿದುಕೊಂಡಳು. ಐದೂ ಇದ್ದವು. ಆಮೇಲೆ ಟೇಪು ಕಿತ್ತೆಸೆದಳು.

"ಎಲ್ಲಾರೂ ಹಾಗೇ ಮಾಡ್ತೀರಲ್ಲೇ," ಅತ್ತಿಗೆಗೆ ಅಳು ಬಂದಿತ್ತು. "ನೀನೂ ಮಾಡ್ತೀಯ. ನಾನೊಬ್ಬಳೇ ನಗೆಪಾಟಲಾಗ್ಬೇಕಾ?"

"ನಂಗೆ ಅಭ್ಯಾಸ ಇದೆ ಅತ್ತಿಗೆ. ಸ್ವಲ್ಪ ಸರೀರಿ, ಎರಡೂ ಕೈಲೇ ಬೇಗ ಮಾಡೋದು ಹೇಗೆ ಅಂತ ತೋರಿಸ್ತೀನಿ."

ಮೇಸ್ತ್ರಿ ಗೊಣಗುತ್ತ ಸ್ವಿಚ್ ಹಾಕಿದ. ನಾದಿನಿ ಕಾಗದ ಜೋಡಿಸಿದಳು, ಒತ್ತಿದಳು. ಬ್ಲೇಡು ಇಳಿಯಲಿಲ್ಲ. ಮತ್ತೆ ಒತ್ತಿದಳು.

"ಕೆಟ್ಟುಹೋಯ್ತೇನೋ," ಎಂದಳು.

ಅತ್ತಿಗೆಯ ಕಣ್ಣು ನೆಟ್ಟ ಕಡೆ ನಾದಿನಿಯೂ ನೋಡಿದಳು. ಅವಳ ಎಡಗೈ ಮಣಿಕಟ್ಟಿನವರೆಗೆ ಬ್ಲೇಡಿನಡಿ ಚಾಚಿಕೊಂಡು, ಕಾಗದದ ಅಂಚು ಸವರುತ್ತ, ತನ್ನ ಪಾಡಿಗೆ ತಾನಿತ್ತು.