ಶನಿವಾರದ ದನಿ

ನಮ್ಮ ಬೀದಿಯ ಒಂದೊಂದು ಕಂಬದ ಮೇಲೂ ನನ್ನ ವಾರಗಿತ್ತಿ ಕುಳಿತಿದ್ದಾಳೆ. ಅವಳಲ್ಲ, ಅವಳ ದನಿ. ಶನಿವಾರ ಮಧ್ಯಾಹ್ನ ಲೌಡ್‌ಸ್ಪೀಕರುಗಳು ಒಮ್ಮೆ ಗೊರಗುಟ್ಟಿ ಗಂಟಲು ಸರಿಮಾಡಿಕೊಳ್ಳುತ್ತವೆ, ಆಮೇಲೆ ಅವಳು ಶುರುಮಾಡುತ್ತಾಳೆ: "ನದಿಯ ನೀರು ಏರುತ್ತಿದೆ. ದಯವಿಟ್ಟು ಎತ್ತರದ ಜಾಗಕ್ಕೆ ತೆರಳಿ." ಪ್ರವಾಹದ ಮುನ್ಸೂಚನೆ ಸರಿಯಾಗಿ ಕೇಳಿಸುತ್ತದೆಯೋ ಇಲ್ಲವೋ ಎಂದು ನೋಡುವ ಟೆಸ್ಟ್ ಅದು. ನನಗಂತೂ ಚೆನ್ನಾಗಿಯೇ ಕೇಳಿಸುತ್ತಿತ್ತು.

ಆ ದನಿ ನನ್ನದಾಗಬೇಕಿತ್ತು. ಮುನ್ಸೂಚನೆ ಕಚೇರಿಯವರು ದನಿ ಆರಿಸಲು ಕರೆದಾಗ ನಾವಿಬ್ಬರೂ ಹೋಗಿದ್ದೆವು. ಅವಳು ಅಲ್ಲೇ ಗುಮಾಸ್ತೆ, ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೈಕಿನ ಮುಂದೆ ನಾನು ಒಂದು ಸಾಲು ಓದಿದ್ದೇ ತಡ, ಇಂಜಿನಿಯರು ಕಿವಿಗೆ ಹಾಕಿಕೊಂಡಿದ್ದನ್ನು ತೆಗೆದುಬಿಟ್ಟ.

"ನಿಮ್ ದನಿ ಕೇಳಿದ್ರೆ ಜನ ಹೆದರಿಬಿಡ್ತಾರಮ್ಮ."

"ಪ್ರವಾಹ ಬಂದಾಗ ಹೆದರದೆ ಇನ್ನೇನು, ಕುಣೀಬೇಕಾ?" ಎಂದೆ.

ಅವನು ನಕ್ಕ. ನಕ್ಕು ಅವಳನ್ನೇ ಆರಿಸಿದ. ಬೀದಿಯವರು ನನಗೆ ಜೋರಮ್ಮ ಎಂದು ಹೆಸರಿಟ್ಟಿದ್ದಾರೆ, ಅದೇನು ಸುಮ್ಮನೆ ಇಟ್ಟಿದ್ದಲ್ಲ. ಆದರೂ ಅವಳಿಗೇ ಸಿಗಬೇಕಿತ್ತೇ? ಮೈಬಣ್ಣ ಅವಳದು, ಕೂದಲು ಅವಳದು, ಕಚೇರಿ ಕೆಲಸ ಅವಳದು, ಗಾಳಿ ಬೆಳಕಿನ ಮಹಡಿ ಮನೆಯೂ ಅವಳದೇ. ಕೆಳಗಿನ ಮನೆ ಮತ್ತು ನಡೆಯಲಾಗದ ಅತ್ತೆ ನನ್ನ ಪಾಲು. ಅತ್ತೆಯನ್ನು ಎಬ್ಬಿಸುವುದು, ತೊಳೆಯುವುದು, ಉಣಿಸುವುದು ಎಲ್ಲ ನಾನೇ. ಶನಿವಾರ ಬಂತೆಂದರೆ ಅವರು ಮಂಚದ ಮೇಲೆ ದಿಂಬಿಗೊರಗಿ, "ಕಿಟಕಿ ತೆಗಿಯೇ, ನನ್ನ ಚಿಕ್ಕ ಸೊಸೆ ಮಾತಾಡ್ತಾಳೆ. ಜೇನು, ಜೇನು ಅವಳ ದನಿ!" ಎನ್ನುತ್ತಿದ್ದರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ.

ನಾನು ಕಿಟಕಿ ತೆಗೆಯುತ್ತಿದ್ದೆ, ಇಲ್ಲವೆನ್ನಲಾರೆ. ತೆಗೆದು, ನೇರವಾಗಿ ಹೊಲಿಗೆ ಮಷಿನ್ನಿಗೆ ಹೋಗಿ ಕೂರುತ್ತಿದ್ದೆ. "ನದಿಯ" ಎನ್ನುವಷ್ಟರಲ್ಲಿ ನನ್ನ ಕಾಲು ಪೆಡಲಿನ ಮೇಲೆ. ಕಟಕಟ ಕಟಕಟ. ಹೊಲಿಯಲು ಬಟ್ಟೆ ಇಲ್ಲದಿದ್ದರೆ ಹಳೇ ಚಿಂದಿಯನ್ನೇ ಕೊಟ್ಟು ಮಷಿನ್ನು ಓಡಿಸುತ್ತಿದ್ದೆ. ಅವಳ ದನಿ ನಿಂತ ಮೇಲೆ ನನ್ನ ಕಾಲೂ ನಿಲ್ಲುತ್ತಿತ್ತು.

ಬರಬರುತ್ತ ಶನಿವಾರವೊಂದೇ ಸಾಲದಾಯಿತು. ಕಚೇರಿಗೆ ಯಾರಾದರೂ ದೊಡ್ಡವರು ಬಂದರೆ ಇಂಜಿನಿಯರು ಹೆಮ್ಮೆಯಿಂದ ಅದೇ ರೆಕಾರ್ಡನ್ನು ಹಾಕಿ ಕೇಳಿಸುವನು. ಟೆಸ್ಟಿಗೂ ಅದೇ ದನಿ, ನಿಜವಾದ ಪ್ರವಾಹಕ್ಕೂ ಅದೇ ದನಿ, ಅದೇ ಮಾತು. ಬೀದಿಯ ಮಕ್ಕಳು ಅದನ್ನು ರಾಗವಾಗಿ ಹಾಡಿಕೊಂಡು ಓಡಾಡುತ್ತಿದ್ದವು.

ಆ ದಿನ ಬುಧವಾರ. ಗಂಡಸರಿಬ್ಬರೂ ಸೇತುವೆಯಾಚೆಯ ಕಾರ್ಖಾನೆಗೆ ಹೋಗಿದ್ದರು. ನಮ್ಮಲ್ಲಿ ಒಂದು ಹನಿ ಮಳೆಯಿಲ್ಲ, ಒಣಹಾಕಿದ ಬಟ್ಟೆ ಬಿಸಿಲಿಗೆ ಗರಿಗರಿಯಾಗಿತ್ತು. ಕಂಬ ಗೊರಗುಟ್ಟಿತು. "ನದಿಯ" ಎಂದಳು. ವಾರ ಯಾವುದೆಂದು ನಾನು ಯೋಚಿಸಲೂ ಇಲ್ಲ, ಕಾಲು ತಾನಾಗಿಯೇ ಪೆಡಲು ತುಳಿಯಿತು. ಅವಳು ಮುಗಿಸಿ ಮತ್ತೆ ಶುರುಮಾಡಿದಳು. ನಾನೂ ಬಿಡಲಿಲ್ಲ, ಇನ್ನೂ ಜೋರಾಗಿ ತುಳಿದೆ. ಪಕ್ಕದ ಕೋಣೆಯಲ್ಲಿ ಅತ್ತೆ ಏನೋ ಕೂಗುತ್ತಿದ್ದರು. ಮತ್ತೆ ಜೇನಿನ ಮಾತೇ ಇರಬೇಕೆಂದು ಹಲ್ಲು ಕಚ್ಚಿದೆ.

ಯಾರೋ ನನ್ನ ಭುಜ ಹಿಡಿದು ಜಗ್ಗಿದರು. ತಿರುಗಿದರೆ ವಾರಗಿತ್ತಿ. ಕೂದಲು ಕೆದರಿ, ಒಂದು ಕಾಲಿನ ಚಪ್ಪಲಿ ಎಲ್ಲೋ ಹೋಗಿತ್ತು.

"ಅಕ್ಕಾ, ಇದು ಟೆಸ್ಟ್ ಅಲ್ಲ. ಮೇಲಿನ ಅಣೆಕಟ್ಟಿಂದ ನೀರು ಬಿಟ್ಟಿದ್ದಾರೆ." ದನಿಯೇ ಹೊರಡುತ್ತಿರಲಿಲ್ಲ, ಹಳೇ ಬಟ್ಟೆ ಹರಿದಂತೆ ಪರಪರ ಎನ್ನುತ್ತಿತ್ತು. "ಕಚೇರಿಯಿಂದ ಕೂಗ್ಕೊಂಡೇ ಬಂದೆ. ಯಾರೂ ಕದಲ್ತಿಲ್ಲ. ನಿಂತ್ಕೊಂಡು ಕೇಳ್ತಿದ್ದಾರೆ!"

ಅತ್ತೆಯ ಕೋಣೆಗೆ ಓಡಿದೆ. ಬಚ್ಚಲಿನ ತೂಬಿನಿಂದ ಕೆಸರು ನೀರು ಉಕ್ಕಿ ಮಂಚದ ಕಾಲು ಮುಟ್ಟಿತ್ತು. "ಆಗಿಂದ ಕರೀತಿದ್ದೀನಿ, ಕಿವಿ ಎಲ್ಲಿಟ್ಟಿದ್ದೆಯೇ?" ಎಂದು ಅತ್ತೆ ಅತ್ತುಬಿಟ್ಟರು. ಕಿವಿ ನನ್ನ ಹೊಟ್ಟೆಕಿಚ್ಚಿನಲ್ಲಿತ್ತು ಎಂದು ಹೇಳಲಾಗುತ್ತದೆಯೇ? ಇಬ್ಬರೂ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಏದುಸಿರು ಬಿಡುತ್ತ ಮಹಡಿಗೆ ಹೊತ್ತೆವು.

ಮೇಲಿನಿಂದ ನೋಡಿದರೆ ಬೀದಿಯುದ್ದಕ್ಕೂ ಜನ ಬಾಗಿಲಿಗೊರಗಿ ನಿಂತಿದ್ದರು. ಒಬ್ಬ ಕೈಯಲ್ಲಿ ಲೋಟ ಹಿಡಿದು ತಲೆದೂಗುತ್ತಿದ್ದ. ಕಂಬದ ಮೇಲೆ ಅವಳು ಇನ್ನೂ "ದಯವಿಟ್ಟು" ಎನ್ನುತ್ತಿದ್ದಳು.

"ನನ್ ಗಂಟಲು ಹೋಯ್ತು," ಎಂದು ಅವಳು ನನ್ನ ಕೈ ಹಿಡಿದಳು. "ನೀವು ಕೂಗಿ ಅಕ್ಕಾ."

ಕೂಗಿದೆ. ಇಷ್ಟು ದಿನ ಅವಳ ಮೇಲೆ ಕೂಡಿಟ್ಟದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಏನ್ರೋ, ಹಾಡು ಕೇಳ್ತಾ ನಿಂತಿದ್ದೀರಾ? ಮುಳುಗಿ ಸತ್ತ ಮೇಲೆ ಚಪ್ಪಾಳೆ ತಟ್ತೀರಾ? ಲೋಟ ಬಿಸಾಕೋ! ಮಕ್ಕಳನ್ನ ಎತ್ಕೊಳ್ರೇ! ದಿಣ್ಣೆ ಮೇಲಿನ ಶಾಲೆಗೆ ಓಡ್ರಿ!"

"ಜೋರಮ್ಮ ಬೈತಿದ್ದಾಳೆ, ಏನೋ ಆಗಿದೆ," ಎಂದ ಲೋಟದವನು. ಓಡಿದರು. ಸಂಜೆಯ ಹೊತ್ತಿಗೆ ಅವರು ನಿಂತಿದ್ದ ಬಾಗಿಲುಗಳ ಚಿಲಕ ನೀರಿನೊಳಗಿತ್ತು, ನನ್ನ ಮಷಿನ್ನೂ ಮುಳುಗಿತ್ತು. ಜನ ಮಾತ್ರ ಎಲ್ಲರೂ ಶಾಲೆಯಲ್ಲಿದ್ದರು.

ನೀರಿಳಿದು, ಮನೆ ತೊಳೆದು ಮುಗಿಸುವ ಹೊತ್ತಿಗೆ ಇಂಜಿನಿಯರು ಬಂದ. ತಲೆ ತಗ್ಗಿಸಿಕೊಂಡೇ ಹೇಳಿದ: "ಅಮ್ಮಾ, ಇನ್ಮೇಲೆ ನಿಮ್ಮ ದನೀನೇ ರೆಕಾರ್ಡ್ ಮಾಡ್ಕೊಳ್ತೀವಿ."

ಈ ಮಾತಿಗಾಗಿ ಎಷ್ಟು ಕಾದಿದ್ದೆ! ವಾರಗಿತ್ತಿಯ ಮುಖ ಸಣ್ಣಗಾದದ್ದನ್ನು ಕಣ್ತುಂಬ ನೋಡಿದೆ, ಸುಳ್ಳೇಕೆ ಹೇಳಲಿ. ಕಂಬದ ಮೇಲೆ ನಾನು, ಕಿಟಕಿಯ ಬಳಿ ಅವಳು. ಬಾಯಲ್ಲಿ ನೀರೂರಿತು. ಆದರೆ ಮಂಚದ ಕಾಲಿನ ಕೆಸರು ಗುರುತು ಎದುರಿಗೇ ಇತ್ತು.

"ಬೇಡ," ಎಂದೆ. "ವಾರವಾರ ಕೇಳ್ಸಿದ್ರೆ ನನ್ನ ಬೈಗುಳಾನೂ ಜೋಗುಳ ಆಗುತ್ತೆ. ಟೆಸ್ಟಿಗೆ ಅವಳೇ ಇರ್ಲಿ. ನೀರು ಬಂದ ದಿನ ನನ್ ಕೈಗೆ ಮೈಕ್ ಕೊಡಿ."

ಹಾಗೇ ಆಯಿತು. ಶನಿವಾರ ಮಧ್ಯಾಹ್ನ ಕಂಬ ಗೊರಗುಟ್ಟುತ್ತದೆ, ಅತ್ತೆ ದಿಂಬಿಗೊರಗಿ "ಜೇನು" ಎನ್ನುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ, ಮೊದಲಿಗಿಂತ ಒಂದು ಕೈ ಹೆಚ್ಚೇ. ರಿಪೇರಿಯಾಗಿ ಬಂದ ಮಷಿನ್ನಿನ ಪೆಡಲಿನಿಂದ ಕಾಲು ಕೆಳಗಿಟ್ಟು, ಕೊನೆಯ ಮಾತಿನವರೆಗೂ ಕೇಳುತ್ತೇನೆ.