ಸಂಚಿಯ ಅಳತೆ

"ಅದನ್ನ ಕೆಳಗ ಇಡ್ರಿ," ಎಂದರು ಚನಬಸಪ್ಪ.

ಹರ್ಷವರ್ಧನ್ ಇಟ್ಟ. ಆದರೆ ಅಷ್ಟರಲ್ಲೇ ಎಡವಟ್ಟು ಆಗಿಹೋಗಿತ್ತು. ಟೀಪಾಯಿಯ ಮೇಲಿದ್ದ ಪಿಸ್ತೂಲನ್ನು ಎತ್ತಿಕೊಂಡವನು, ಒಳಗೆ ಗುಂಡಿದೆಯೋ ಇಲ್ಲವೋ ಎಂದೂ ನೋಡದೆ, ಬಾಲ್ಕನಿಯ ಗಾಜಿನಲ್ಲಿ ಕಾಣುತ್ತಿದ್ದ ತನ್ನ ಬಿಂಬಕ್ಕೇ ಗುರಿಯಿಟ್ಟು ಒಂದು ಕಣ್ಣು ಮುಚ್ಚಿದ್ದ. ಮೂವತ್ತು ದಾಟಿದ ಗಂಡಸು, ಎರಡು ಮಕ್ಕಳ ತಂದೆ. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಚಿಕ್ಕಮುನಿಯಮ್ಮನಿಗೆ ಸೋಫಾದೊಳಗೇ ಹುದುಗಿಹೋಗುವಷ್ಟು ನಾಚಿಕೆಯಾಯಿತು.

ಚನಬಸಪ್ಪ ಪೀಣ್ಯದಲ್ಲಿ ಮೂವತ್ತೈದು ವರ್ಷ ಫೌಂಡ್ರಿ ನಡೆಸಿದವರು. ಈಗ ಎಂಬತ್ತೆರಡು. ವೈಟ್‌ಫೀಲ್ಡಿನ ಈ ಹದಿನಾಲ್ಕನೇ ಮಹಡಿಯಲ್ಲಿ ಮಗಳ ಜೊತೆ ಇದ್ದರು. ಕೈ ನಡುಗಲು ಶುರುವಾದ ಮೇಲೆ, ಇಷ್ಟು ವರ್ಷ ಸೊಂಟದಲ್ಲಿದ್ದುದನ್ನು ಮಾರಿಬಿಡಬೇಕೆಂದು ತಾವೇ ತೀರ್ಮಾನಿಸಿದ್ದರು. ಕಾಗದಪತ್ರವೆಲ್ಲ ಬಂದೂಕಿನ ಅಂಗಡಿಯವರ ಮೂಲಕವೇ ಆಗಬೇಕು. ಆದರೆ ಯಾರಿಗೆ ಕೊಡುವುದು ಎಂಬುದನ್ನು ಮಾತ್ರ ಅವರು ಅಂಗಡಿಯವರಿಗೆ ಬಿಟ್ಟಿರಲಿಲ್ಲ. ಬಂದ ನಾಲ್ಕು ಜನರನ್ನು ಕಾಫಿ ಕುಡಿಸಿ ವಾಪಸ್ ಕಳಿಸಿದ್ದರು. ಐದನೆಯವರು ಈ ತಾಯಿ ಮಗ.

"ಲೈಸನ್ಸ್ ನಿಮ್ಮದೇನ್ರಿ?" ಎಂದು ಹರ್ಷನನ್ನು ಕೇಳಿದರು.

"ನಂದು," ಎಂದಳು ಚಿಕ್ಕಮುನಿಯಮ್ಮ.

ಮುದುಕರು ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. ಅರವತ್ತೊಂದರ ಹೆಂಗಸು, ಎಣ್ಣೆ ಹಚ್ಚಿ ಬಿಗಿದ ತುರುಬು, ಎಲೆ ಅಡಿಕೆಗೆ ಕೆಂಪಾದ ತುಟಿ. ಮಹದೇವಪುರದಲ್ಲಿ ಎರಡು ಪಿಜಿ ಕಟ್ಟಡಗಳ ಒಡತಿ ಎಂದು ಯಾರೂ ಹೇಳರು.

ಕಾರಣ ಕೇಳಿದರು, ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಕೆರೆಯಂಚಿನಲ್ಲಿ ಹನ್ನೆರಡು ಗುಂಟೆ ಉಳಿದಿದೆ. ಸುತ್ತಲಿನದೆಲ್ಲ ಮಾರಿ ಕಟ್ಟಡ ಕಟ್ಟಿದ್ದಾಯಿತು, ಇದೊಂದನ್ನು ಅವಳು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಒಬ್ಬಳೇ ಹೋಗಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆಯುತ್ತಾಳೆ. ಲೇಔಟ್ ಮಾಡುವ ಚಿಕ್ಕಬೈರಪ್ಪನಿಗೆ ರಸ್ತೆಗೆ ಆ ಜಾಗವೇ ಬೇಕು. ಎರಡು ವರ್ಷದ ಹಿಂದೆ ಹುಡುಗರನ್ನು ಕರೆದುಕೊಂಡು ಬಂದು ಬೇಲಿಕಲ್ಲು ಕೀಳಿಸಿದ. ತಡೆಯಲು ಹೋದವಳ ತೋಳು ತಿರುಚಿ ಬದುವಿನ ಮೇಲೆ ಕೂರಿಸಿದ. ಮಾರಿ ನೆಮ್ಮದಿಯಾಗಿರು ಎಂದು ಊರೆಲ್ಲ ಬುದ್ಧಿ ಹೇಳಿತು. ಅವಳು ಹೋಗಿ ಲೈಸನ್ಸಿಗೆ ಅರ್ಜಿ ಹಾಕಿದಳು. ಲೈಸನ್ಸ್ ಕಚೇರಿಯ ಸಾಹೇಬರು ನಕ್ಕು, ಮಗನ ಹೆಸರಲ್ಲಿ ಮಾಡಿಸಬಾರದೇ ಎಂದರಂತೆ. ತಿರುಚಿದ್ದು ನನ್ನ ತೋಳು, ಅವನದಲ್ಲ ಎಂದು ಅಲ್ಲೇ ಹೇಳಿದ್ದಳು. ಒಂದೂವರೆ ವರ್ಷ ಅಲೆದಳು. ಮೂರು ಭಾನುವಾರ ಗುಂಡು ಹಾರಿಸಲು ಕಲಿಸುವ ರೇಂಜಿಗೆ ಹೋಗಿ, ಸೀರೆಯ ಸೆರಗು ಬಿಗಿದು ಕಟ್ಟಿ, ತರಬೇತಿಯ ಸರ್ಟಿಫಿಕೇಟು ತಂದಳು.

"ಹಂಗಾರ ನೀವ ನೋಡ್ರಿ," ಎಂದು ಚನಬಸಪ್ಪ ಟೀಪಾಯಿಯನ್ನು ಅವಳ ಕಡೆ ತಳ್ಳಿದರು.

ಅಂಗೈಯಷ್ಟೇ ಉದ್ದದ ವಿಲಾಯ್ತಿ ಪಿಸ್ತೂಲು, ಅವರ ಕೈಗೆ ಬರುವ ಹೊತ್ತಿಗೇ ಹಳೆಯದು. ಅಂಚುಗಳಲ್ಲಿ ಕಪ್ಪು ಸವೆದು ಉಕ್ಕು ಬೆಳ್ಳಗೆ ಕಾಣುತ್ತಿತ್ತು. ಚಿಕ್ಕಮುನಿಯಮ್ಮ ಮೊದಲು ಸೆರಗಿಗೆ ಕೈ ಒರೆಸಿಕೊಂಡಳು. ಪಿಸ್ತೂಲಿನ ಬಾಯಿಯನ್ನು ಗೋಡೆಯ ಕಡೆ ತಿರುಗಿಸಿ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು, ಗುಂಡು ತುಂಬುವ ಮ್ಯಾಗಜೀನ್ ಕಳಚಿ ಪಕ್ಕಕ್ಕಿಟ್ಟಳು. ಆಮೇಲೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆದು ಒಳಗೆ ಇಣುಕಿದಳು. ಇಣುಕಿದ್ದು ಸಾಲದೆಂದು ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಿದಳು. ಹರ್ಷ ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ಅಂಗಡಿಯಲ್ಲಿ ಹೊಸ ಪಿಸ್ತೂಲಿನ ಸ್ಲೈಡು ಎಳೆಯಲು ಅವನು ಹಲ್ಲು ಕಚ್ಚಬೇಕಾಗಿತ್ತು.

"ಬಿಗಿ ಇಲ್ಲೇನ್ರಿ ಅದು?" ಎಂದು ಮುದುಕರು ಅವಳನ್ನು ಕೇಳಿದರು.

"ನಲವತ್ತು ವರ್ಷ ಎಮ್ಮೆ ಆಲು ಕರ್ದಿರೋ ಕೈ ಸಾಮಿ."

ಚನಬಸಪ್ಪ ಮೊದಲ ಸಲ ನಕ್ಕರು. ಹರ್ಷನಿಗೆ ಮಾತ್ರ ಸಮಾಧಾನವಿಲ್ಲ. ಅಂಗಡಿಯಲ್ಲಿ ನೋಡಿದ ದೊಡ್ಡದೇ ವಾಸಿ, ಹೊಸದು, ಹೆಚ್ಚು ಗುಂಡು ಹಿಡಿಯುತ್ತದೆ ಎಂದು ಶುರುಮಾಡಿದ. "ಸೊಂಟದಲ್ಲಿ ಕಾಣ್ಬೇಕಮ್ಮ. ಕಂಡ್ರೇನೇ ಹೆದರೋದು."

"ನಾನ್ಯಾರ್ನ ಎದರ್ಸಕ್ಕೋಗ್ಲಿ? ನಾನು ಎದರ್ದೆ ಇರಕ್ಕೆ ಕಣಪ್ಪ ಇದು."

ಹಾಗೆಂದವಳೇ ಸೊಂಟಕ್ಕೆ ಸಿಕ್ಕಿಸಿದ್ದ ಎಲೆ ಅಡಿಕೆಯ ಸಂಚಿ ತೆಗೆದು, ದಾರ ಸಡಿಲಿಸಿ, ಅಮೃತಶಿಲೆಯ ಟೀಪಾಯಿಯ ಮೇಲೆ ಸುರಿದಳು. ಎಲೆ, ಅಡಿಕೆ ಹೋಳು, ಹೊಗೆಸೊಪ್ಪಿನ ಚೂರು, ಸುಣ್ಣದ ಡಬ್ಬಿ. ಚನಬಸಪ್ಪನವರ ಮಗಳು ಒಳಗಿನಿಂದ ಇಣುಕಿ ಮುಖ ಕಿವುಚಿದಳು. ಚಿಕ್ಕಮುನಿಯಮ್ಮ ಪಿಸ್ತೂಲನ್ನು ಸಂಚಿಗಿಳಿಸಿ, ದಾರ ಎಳೆದು, ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು. ಬಾಲ್ಕನಿಯ ತನಕ ನಡೆದಳು, ಬಗ್ಗಿ ಸೊಪ್ಪು ಕೀಳುವ ಹಾಗೆ ಕೂತಳು, ಎದ್ದಳು. ಒತ್ತಲಿಲ್ಲ, ಜಾರಲಿಲ್ಲ. ನೋಡುವವರಿಗೆ ಎಲೆ ಅಡಿಕೆಯೇ.

"ಇದೇ ನಂಗೆ," ಎಂದಳು.

ಚನಬಸಪ್ಪ ಒಪ್ಪದೆ ಅಡ್ಡಡ್ಡ ತಲೆಯಾಡಿಸಿದರು. ಫೌಂಡ್ರಿಯ ಮನುಷ್ಯ, ಉಕ್ಕಿನ ವಿಷಯದಲ್ಲಿ ಮುಲಾಜಿಲ್ಲ. "ಸುಣ್ಣ ಬಿದ್ದರ ಒಣಗಿ ಸ್ಲೈಡು ಹಿಡಕೊಂಡುಬಿಡತೈತಿ. ಅಡಿಕಿ ಪುಡಿ ಸಂದ್ಯಾಗ ಸೇರಿ ಬೇಕಾದಾಗ ಕೈ ಕೊಡತೈತಿ. ಎರಡರಾಗ ಒಂದ ಇರಬೇಕು ನೋಡ್ರಿ. ಯಾವುದು?"

ಎಲೆ ಅಡಿಕೆ ಅವಳಿಗೆ ಹದಿನಾರನೇ ವಯಸ್ಸಿಗೆ ಅತ್ತೆ ಕೊಟ್ಟ ಅಭ್ಯಾಸ. ಗಂಡ ಸತ್ತ ವರ್ಷವೂ ಅದನ್ನು ಬಿಟ್ಟಿರಲಿಲ್ಲ. ಚಿಕ್ಕಮುನಿಯಮ್ಮ ಟೀಪಾಯಿಯ ಮೇಲಿನ ಎಲೆಗಳನ್ನು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಅವನ್ನೆಲ್ಲ ಒಟ್ಟುಮಾಡಿ ಮಗನ ಕೈಗೆ ಕೊಟ್ಟು, ಕೆಳಗೆ ಹೋದಾಗ ಎಲೆ ಯಾವುದಾದರೂ ಹಸುವಿಗೆ ಹಾಕು, ಉಳಿದದ್ದು ಎಸೆದುಬಿಡು ಎಂದಳು. ಸುಣ್ಣದ ಡಬ್ಬಿ ಮಾತ್ರ ತಾನೇ ಇಟ್ಟುಕೊಂಡಳು, ಅದು ಅತ್ತೆಯದು.

ತಿಂಗಳೊಳಗೆ ಕಾಗದವೆಲ್ಲ ಆಗಿ ಪಿಸ್ತೂಲು ಅವಳದಾಯಿತು. ಗಂಡನ ಹಳೆಯ ಖಾದಿ ಪಂಚೆ ಹರಿದು ಹೊಸ ಸಂಚಿ ಹೊಲಿದಳು. ದಿನಾ ಬೆಳಿಗ್ಗೆ ಟೆಕ್ ಪಾರ್ಕಿನ ಬಸ್ಸುಗಳ ಸಾಲಿನ ಪಕ್ಕದಲ್ಲೇ ಕೆರೆಯ ಕಡೆ ನಡೆಯುವಾಗ ಅವಳ ನಡಿಗೆ ಬದಲಾದದ್ದನ್ನು ಊರು ಗಮನಿಸಿತು. ಹೆಂಗಸರು ನಲ್ಲಿಯ ಹತ್ತಿರ ನಿಲ್ಲಿಸಿ ತೋರಿಸಕ್ಕ ಎನ್ನುವರು. ತೋರಿಸುವಂಥದ್ದಲ್ಲ ಎಂದು ಗತ್ತಿನಿಂದ ಹೇಳಿ ಮುಂದೆ ಹೋಗುವಳು. ಬಿಗುಮಾನ ಇತ್ತು, ಯಾಕಿರಬಾರದು? ಚಿಕ್ಕಬೈರಪ್ಪ ಎಂಟು ತಿಂಗಳು ಆ ಕಡೆ ತಲೆಹಾಕಲಿಲ್ಲ.

ಅಷ್ಟರಲ್ಲಿ ಚುನಾವಣೆ ಬಂತು. ಲೈಸನ್ಸ್ ಇದ್ದವರೆಲ್ಲ ಆಯುಧವನ್ನು ಠಾಣೆಯಲ್ಲಿಟ್ಟು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಸಾಲಿನಲ್ಲಿ ನಿಂತ ಗಂಡಸರ ನಡುವೆ ಅವಳೊಬ್ಬಳೇ. ಯಜಮಾನರದ್ದಾ ಅಜ್ಜಿ ಎಂದು ಪೊಲೀಸಿನವನು ಕೇಳಿದ. ನಂದು ಎಂದು ಇಡೀ ಸಾಲಿಗೆ ಕೇಳುವಂತೆ ಹೇಳಿ ರಶೀದಿ ತೆಗೆದುಕೊಂಡಳು. ಆದರೆ ಆಚೆ ಬರುವಾಗ ಸೊಂಟ ಹಗುರವಾಗಿ ಅವಳಿಗೆ ಭಯವಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ.

ಚಿಕ್ಕಬೈರಪ್ಪ ಕಾದಿದ್ದೇ ಅದಕ್ಕೆ. ಮೂರನೇ ದಿನ ಬೆಳಿಗ್ಗೆ ಬಂದ, ಹಿಂದೆ ಒಂದು ಜೆಸಿಬಿ. ಅವಳು ದಂಟು ಕೊಯ್ಯುತ್ತಾ ಕೂತಿದ್ದಳು. ಮುನಿಯಕ್ಕ, ಸಾಮಾನು ಸ್ಟೇಷನ್ನಿನಲ್ಲಿದೆಯಲ್ಲ ಎಂದು ನಗುತ್ತಲೇ ಕೇಳಿದ.

"ಔದು, ಕೊಟ್ಟು ಬಂದಿವ್ನಿ. ರಶೀದಿ ಐತೆ, ನೋಡ್ತೀಯಾ?" ಕುಡುಗೋಲು ನಿಲ್ಲಿಸದೆ ಹೇಳಿದಳು. "ಲೈಸನ್ಸ್ ಅರ್ಜೀಲಿ ಒಂದು ಕಡೆ ಕೇಳ್ತಾರೆ ಬೈರಪ್ಪ, ಯಾರಿಂದ ಜೀವಬೆದರಿಕೆ ಅಂತ. ನಿನ್ನೆಸ್ರು, ನಿಮ್ಮಪ್ಪನೆಸ್ರು, ಮನೆ ನಂಬ್ರ, ಎಲ್ಲ ಬರ್ಸಿವ್ನಿ. ಪೊಲೀಸ್ನೋರು ವಿಚಾರ್ಸಿ ಔದು ಅಂತ ಬರ್ದವ್ರೆ. ಅದ್ಕೇ ಕೊಟ್ಟಿದ್ದು ನಂಗೆ. ನಾಳೆ ನಾನು ಈ ಬದಿನ ಮೇಲೆ ಎಡವಿ ಬಿದ್ರೂನೂವೆ, ಮೊದ್ಲು ನಿನ್ನ ಮನೆ ಬಾಗ್ಲಿಗೇ ಬತ್ತಾರೆ. ತಳ್ಳು ಬಾ."

ಚಿಕ್ಕಬೈರಪ್ಪನ ಮುಖದ ಮೇಲಿನ ನಗು ಹೋಯಿತು. ಡ್ರೈವರನಿಗೆ ಕೈ ಬೀಸಿದ. ಜೆಸಿಬಿ ಕೆರೆ ಏರಿಯ ಮೇಲೆ ತಿರುಗಲು ಜಾಗವಿಲ್ಲದೆ ಹಿಮ್ಮುಖವಾಗಿಯೇ, ಪೀಂ ಪೀಂ ಎನ್ನುತ್ತಾ ರಸ್ತೆಯ ತನಕ ಹೋಯಿತು.

ಅದು ಮರೆಯಾಗುವವರೆಗೆ ಚಿಕ್ಕಮುನಿಯಮ್ಮ ಏಳಲಿಲ್ಲ. ಆಮೇಲೆ ಬದುವಿನ ಮೇಲೆ ಕಾಲು ಚಾಚಿ ಕೂತು, ಸೊಂಟದಿಂದ ಗಂಡನ ಪಂಚೆಯ ಸಂಚಿ ತೆಗೆದಳು. ಅದರಲ್ಲಿ ಅವತ್ತು ಎರಡು ಎಲೆ, ಒಂದು ಅಡಿಕೆ, ಅತ್ತೆಯ ಸುಣ್ಣದ ಡಬ್ಬಿ ಇದ್ದವು. ಎಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ಮುರಿದು, ಒಂಬತ್ತು ತಿಂಗಳ ಮೇಲೆ ಮೊದಲ ಸಲ ನಿಧಾನವಾಗಿ ಸುಣ್ಣ ಸವರತೊಡಗಿದಳು.