ಕವಳ ಕೊಟ್ಟು ಗೊತ್ತುಮಾಡಿದ ರೂಮು

ನನಗೆ ಬಿ.ಎಡ್. ಸೀಟು ಸಿಕ್ಕಿದ್ದು ಎರಡನೇ ಪಟ್ಟಿಯಲ್ಲಿ, ಅದೂ ಜನವರಿಯಲ್ಲಿ, ಎರಡು ವರ್ಷ ಕಾದ ಮೇಲೆ. ಸಾಗರದ ಕಾಲೇಜು, ಇನ್ನೇನು ಬೇಕು ಅಂತ ಮನೆಯಲ್ಲಿ ಪಾಯಸವೂ ಆಯಿತು. ಮಲಗುವುದೆಲ್ಲಿ ಅಂತ ಮಾತ್ರ ಯಾರೂ ಯೋಚಿಸಲಿಲ್ಲ. ಹಾಸ್ಟೆಲುಗಳೆಲ್ಲ ಜುಲೈನಲ್ಲೇ ತುಂಬಿದ್ದವು. ಒಂದು ಕಡೆ ವಾರ್ಡನ್ "ಈಗ್ಯಾಕೆ ಬಂದ್ರಿ?" ಅಂದಳು, ನಾನೇ ಬೇಕಂತ ತಡ ಮಾಡಿದ ಹಾಗೆ. ಇನ್ನೊಂದು ಕಡೆ ಮಂಚ ಖಾಲಿ ಇತ್ತು, ಆದರೆ ರೂಮಿನ ಹುಡುಗಿಯರಿಗೆ ಅದು ಸೂಟ್‌ಕೇಸ್ ಇಡಲು ಬೇಕಾಗಿತ್ತು. ಮೂರನೇ ಕಡೆ ಗೊರಕೆ ಹೊಡೀತೀಯಾ ಅಂತ ಇಂಟರ್‌ವ್ಯೂ ಮಾಡಿದರು. ಇಲ್ಲ ಅಂದೆ. ನಂಬಲಿಲ್ಲ.

ಊರಿಂದ ಓಡಾಡುವ ಮಾತೇ ಇಲ್ಲ. ಹೊಸನಗರದಿಂದ ನಮ್ಮೂರು ಇನ್ನೂ ಒಳಗೆ. ಮೊದಲ ಬಸ್ಸು ಹಿಡಿದು ಸಾಗರ ಮುಟ್ಟುವಾಗ ಎರಡು ಪೀರಿಯಡ್ ಮುಗಿದಿರುತ್ತವೆ. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಸೋಮವಾರದೊಳಗೆ ಎಲ್ಲಾದರೂ ಜಾಗ ಸಿಗದಿದ್ದರೆ ಸೀಟು ಬಿಡುವುದೊಂದೇ ದಾರಿ.

ಗುರುವಾರ ನನಗೆ ಜ್ವರ. ಕೆಳದಿ ರಸ್ತೆಯಲ್ಲಿ ಬಂಗಾರಮ್ಮ ಅನ್ನುವವರು ಮಹಡಿಯ ಮೇಲೆ ನಾಲ್ಕು ಹುಡುಗಿಯರನ್ನು ಇಟ್ಟುಕೊಳ್ಳುತ್ತಾರೆ, ಒಂದು ಮಂಚ ಖಾಲಿಯಿದೆ ಅಂತ ಯಾರೋ ಹೇಳಿದ್ದರು. ಕೇಳಿಕೊಂಡು ಬರಲು ಅಪ್ಪಯ್ಯನನ್ನು ಕಳಿಸಿದೆವು. ಸಂಜೆ ನಗುನಗುತ್ತಾ ಬಂದ.

"ಆತು ಮಗಾ. ನಮ್ಮ ಜನಾನೇ. ಸೋಮವಾರ ಪೆಟ್ಟಿಗೆ ತಗಂಡು ಹೋಗು."

ಸೋಮವಾರ ಟ್ರಂಕು, ಹಾಸಿಗೆ, ಉಪ್ಪಿನಕಾಯಿ ಡಬ್ಬಿ ಸಮೇತ ಆಟೋ ಇಳಿದೆ. ಮಹಡಿ ಹತ್ತಿ ನೋಡಿದರೆ ನನ್ನ ಮಂಚದ ಮೇಲೆ ತೀರ್ಥಹಳ್ಳಿಯ ಚೈತ್ರಾ ಅನ್ನುವವಳು ಕಾಲು ನೀಡಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು.

"ಈ ಹುಡುಗಿ ಮನೆಯೋರು ಶನಿವಾರವೇ ಅಡ್ವಾನ್ಸ್ ಹಾಕಿದ್ರಲ್ಲ," ಅಂದರು ಬಂಗಾರಮ್ಮ. "ನಿಮ್ಮಪ್ಪ ಬಂದಿದ್ರು, ಹೌದು. ಕೂತ್ರು, ಮಾತಾಡಿದ್ರು, ಹೋದ್ರು. ಆಮೇಲೆ ಒಂದು ಫೋನೂ ಇಲ್ಲ."

ಅಪ್ಪಯ್ಯನಿಗೆ ಫೋನ್ ಮಾಡಿದೆ.

"ಅಡ್ವಾನ್ಸ್ ಕೊಟ್ಟಿದ್ಯಾ?"

"ಇಲ್ಲ."

"ನನ್ನ ನಂಬರ್ ಕೊಟ್ಟಿದ್ಯಾ?"

"ಇಲ್ಲ."

"ಮತ್ತೆ ಎಂತ ಆತು ಅಂದೆ ನೀನು?"

"ಕವಳ ಕೊಟ್ಟೆನಲ್ಲ ಮಗಾ. ರೂಮಿನ ಮಾತು ಹೇಳಿ ಎಲೆ ಅಡಿಕೆ ಮುಂದಿಟ್ಟೆ. ತಗಂಡು ಬಾಯಿಗೆ ಹಾಕ್ಕಂಡ್ರು."

ನಮ್ಮೂರಲ್ಲಿ ಹೆಣ್ಣು ಗೊತ್ತಾಗುವುದು, ಕೊಯ್ಲಿಗೆ ಜನ ಒಪ್ಪುವುದು, ಜಗಳ ತೀರುವುದು ಎಲ್ಲ ಹಾಗೆಯೇ. ಮಾತು ಹೇಳಿ ಎಲೆ ಅಡಿಕೆ ಮುಂದಿಡಬೇಕು. ತೆಗೆದುಕೊಂಡರೆ ಒಪ್ಪಿದ ಹಾಗೆ, ಒಪ್ಪದವರು ಮುಟ್ಟುವುದಿಲ್ಲ. ಆದರೆ ಅದು ಊರಲ್ಲಿ. ಕವಳ ಕೊಟ್ಟು ಪಿಜಿ ಬುಕ್ ಮಾಡಿ ಬರುವವನು ಇಡೀ ಶಿವಮೊಗ್ಗ ಜಿಲ್ಲೆಯಲ್ಲಿ ನಮ್ಮಪ್ಪ ಭೂತಪ್ಪ ಒಬ್ಬನೇ ಇರಬೇಕು. ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ನಿನ್ನ ಕಳಿಸಿದ್ದೇ ತಪ್ಪು. ಒಂದು ರೂಮು ಕೇಳೋಕೂ ಬರಲ್ಲ ನಿಂಗೆ," ಅಂದೆ.

"ಅಲ್ಲೇ ಇರು, ಬತ್ತೀನಿ," ಅಂದು ಫೋನಿಟ್ಟ.

ಮೂರು ಗಂಟೆ ಹೊತ್ತು ಗೇಟಿನ ಹೊರಗೆ ಟ್ರಂಕಿನ ಮೇಲೆ ಕೂತಿದ್ದೆ. ಮಹಡಿಯ ಹುಡುಗಿಯರು ಸರದಿಯ ಮೇಲೆ ಇಣುಕಿ ಹೋದರು. ಸೀಟು ಬಿಡುವ ಪತ್ರದಲ್ಲಿ ಕಾರಣ ಅಂತ ಏನು ಬರೆಯುವುದು? ಎಲೆ ಅಡಿಕೆ ಅಂತಲೇ? ಅಳುವೂ ಬಂತು, ಸಿಟ್ಟೂ ಬಂತು, ಹಸಿವೂ ಆಯಿತು.

ಅಪ್ಪಯ್ಯ ಬಂದವನು ಜಗಳ ಆಡಲಿಲ್ಲ. ಅಂಗಳದಲ್ಲೇ ನಿಂತು ಬಂಗಾರಮ್ಮನನ್ನು ಕರೆದ. "ರೂಮಿನ ಮಾತು ಆಡಿ ಕವಳ ಕೊಟ್ಟಿದ್ದೆ ಅಮ್ಮಾ. ನೀವು ತಗಂಡ್ರಿ," ಅಂದ, ಅಷ್ಟೇ.

"ಕವಳ ಯಾರು ಕೊಟ್ರೂ ಹಾಕ್ತೀನಪ್ಪ ನಾನು. ಅದಕ್ಕೂ ರೂಮಿಗೂ ಎಂತ ಸಂಬಂಧ?"

ಅಷ್ಟರಲ್ಲಿ ಒಳಗಿನಿಂದ ಅವರ ಅತ್ತೆ ಮೂಕಮ್ಮ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದ ಮುದುಕಿ. ನಮ್ಮ ಕಡೆ ನೋಡಲಿಲ್ಲ, ನೇರ ಸೊಸೆಯನ್ನು ಕೇಳಿದರು.

"ಮಾತು ಕೇಳಿದ ಮೇಲೆ ತಗಂಡ್ಯಾ, ಮೊದಲು ತಗಂಡ್ಯಾ?"

"ಕೇಳಿದ ಮೇಲೇ," ಅಂದರು ಬಂಗಾರಮ್ಮ, ಸೆರಗು ಸರಿಮಾಡಿಕೊಳ್ಳುತ್ತಾ.

"ಹಂಗಾರೆ ಹುಡುಗಿ ಇಲ್ಲೇ ಇರ್ತಾಳೆ. ಮೇಲೆ ಜಾಗ ಇಲ್ದಿದ್ರೆ ನನ್ನ ಕೋಣೇಲಿ," ಅಂದರು ಮುದುಕಿ.

ಅಂತೂ ನನಗೆ ರೂಮ್‌ಮೇಟ್ ಸಿಕ್ಕಿದರು. ಎಂಟಕ್ಕೆ ದೀಪ ಆರಬೇಕು. ಫ್ಯಾನ್ ಹಾಕಿದರೆ ಅವರಿಗೆ ಮಂಡಿ ನೋವು. ಗೊರಕೆ ತಾನೇ ಹೊಡೆಯುವುದಾಗಿ ಮೊದಲೇ ತಿಳಿಸಿದರು. ಪಾಠದ ಟಿಪ್ಪಣಿ ಎಲ್ಲಿ ಕೂತು ಬರೆಯಲಿ ಅಂದರೆ ಅಡಿಗೆಮನೆ ತೋರಿಸಿದರು. ಆದರೂ ಟ್ರಂಕು ಒಳಗೆ ಹೋಯಿತು, ಸೀಟು ಉಳಿಯಿತು.

ಅಪ್ಪಯ್ಯನನ್ನು ಕಳಿಸಲು ಬಸ್‌ಸ್ಟ್ಯಾಂಡಿಗೆ ನಡೆದೆ. ಫೋನಿನಲ್ಲಿ ನಾನಂದ ಮಾತು ನನ್ನನ್ನೇ ಕೊರೆಯುತ್ತಿತ್ತು. ಅವನು ಗೆದ್ದಿದ್ದ, ಆದರೆ ಗೆದ್ದವನ ಮುಖವಾಗಿರಲಿಲ್ಲ ಅದು.

"ನಿನ್ನ ಬೀದೀಲಿ ಕೂರಿಸಿಬಿಟ್ಟೆ," ಅಂದ. "ಇನ್ನೊಂದು ಸಲಕ್ಕೆ ಹೆಂಗೆ ಕೇಳ್ಬೇಕು ಅಂತ ಬರ್ದು ಕೊಡು. ನೋಡ್ಕಂಡು ಹಂಗೇ ಕೇಳ್ತೀನಿ."

"ನೀ ಕೇಳಿದ್ದು ಸರಿಯಾಗೇ ಇತ್ತು ಅಪ್ಪಯ್ಯ. ನಾ ಹಂಗೆ ಅನ್ಬಾರದಿತ್ತು."

"ಇರ್ಲಿ ಬಿಡು. ಸಮಾಧಾನಕ್ಕೆ ಹೇಳ್ತೀ."

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ. ಆಮೇಲೆ ಮುಂದಿನ ಸೀಟಿನವರ ಹತ್ತಿರ ಪೆನ್ನು ಇಸಿದುಕೊಂಡು, ಬರುವಾಗಿನ ಟಿಕೆಟ್ಟಿನ ಹಿಂಬದಿ ತಿರುಗಿಸಿ, ಎರಡನ್ನೂ ಕಿಟಕಿಯಿಂದ ನನ್ನ ಕಡೆ ಚಾಚಿದ.